ಮಿಠಾಯಿವಾಲರ ದೋಣಿ

ಮುಂಬಯಿಯ ಬಲ್ಲಾರ್ಡ್ ಪಿಯರ್‌ನ ಕ್ಲಿಯರಿಂಗ್ ಏಜೆಂಟರೊಬ್ಬರ ಕಚೇರಿಯಲ್ಲಿ ಮೂವತ್ತೊಂದು ವರ್ಷ ಆಮದು ಸರಕಿನ ಸುಂಕದ ಕಾಗದವಾದ ಬಿಲ್ ಆಫ್ ಎಂಟ್ರಿ ತುಂಬಿಸುತ್ತ ‘ಹಾಂಗ್‌ಕಾಂಗ್’ ಎಂಬ ಹೆಸರನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಊರನ್ನು ಕಣ್ಣಾರೆ ಕಂಡದ್ದು ಮಾತ್ರ ನಿವೃತ್ತನಾದ ಮೇಲೆ, ಕಳೆದ ಡಿಸೆಂಬರಿನಲ್ಲಿ, ಡೊಂಬಿವಲಿಯ ನನ್ನ ಭಾವನ ಜೊತೆಯಲ್ಲಿ. ನಾವಿದ್ದದ್ದು ಕೌಲೂನ್ ಬದಿಯ ಚಿಮ್‌ ಶಾ ಚೂಯಿಯಲ್ಲಿ. ಅಲ್ಲಿಂದ ಒಂದು ಸಂಜೆ ಊರು ತೋರಿಸುವ ಬಸ್ಸನ್ನು ಹತ್ತಿದೆವು.

ಮೊದಲು ಕರೆದೊಯ್ದದ್ದು ವಿಕ್ಟೋರಿಯಾ ಪೀಕ್ ಎಂಬ 552 ಮೀಟರ್ ಎತ್ತರದ ಬೆಟ್ಟದ ಕಡೆಗೆ. ಹಗ್ಗದಿಂದ ಎಳೆಯುವ ಅಲ್ಲಿಯ ಟ್ರಾಮು 1888ರಿಂದ ಓಡುತ್ತಿದೆ. ಮಾಥೆರಾನ್‌ನ ಪುಟ್ಟ ರೈಲು ಬೆಟ್ಟವನ್ನು ಸುತ್ತಿ ಸುತ್ತಿ ಹತ್ತಿದರೆ, ಇದು ನೆಟ್ಟಗೆ ಏರುತ್ತದೆ; ಎಲ್ಲ ಆಸನಗಳೂ ಬೆಟ್ಟದ ತುದಿಗೆ ಮುಖ ಮಾಡಿರುವುದರಿಂದ ಇಳಿಯುವಾಗ ಬೆನ್ನು ಮುಂದಾಗಿ ಇಳಿಯಬೇಕು. ಗೈಡ್ ನಮಗೆ ಮೇಲೆ ಕೊಟ್ಟ ಮುಕ್ಕಾಲು ಗಂಟೆಯಲ್ಲಿ ಅರ್ಧವನ್ನು ಮರಳಿ ಇಳಿಯುವ ಸಾಲೇ ನುಂಗಿತು. ಉಳಿದ ಹೊತ್ತಿನಲ್ಲಿ, ಕೆಳಗೆ ಕಟ್ಟಡಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದನ್ನು ನೋಡಿದೆವು. ಚೆನ್ನಾಗಿತ್ತು, ಆದರೆ ಫೋಟೋದಲ್ಲಿ ಎಷ್ಟೋ ಸಲ ಕಂಡದ್ದನ್ನೇ ಮತ್ತೆ ಕಂಡಂತಿತ್ತು.

ನನ್ನ ಮನಸ್ಸು ನಿಂತದ್ದು ಅದಾದ ಮೇಲೆ ಹಾಂಗ್‌ಕಾಂಗ್ ದ್ವೀಪದ ಬದಿಯ ಸೆಂಟ್ರಲ್‌ನಿಂದ ಕೌಲೂನಿಗೆ ದಾಟಲು ಹತ್ತಿಸಿದ ಸ್ಟಾರ್ ಫೆರಿಯ ಮೇಲೆ. ಹಸಿರು ಬಿಳಿ ಬಣ್ಣದ, ಎರಡು ಅಂತಸ್ತಿನ ಆ ದೋಣಿಗೆ ಹಿಂದು ಮುಂದು ಎಂಬುದಿಲ್ಲ. ಎರಡೂ ತುದಿ ಒಂದೇ ತರಹ ಇರುವುದರಿಂದ ಮರಳುವಾಗ ಅದನ್ನು ತಿರುಗಿಸಬೇಕಾಗಿಲ್ಲ. ಮರದ ಬೆಂಚಿನ ಒರಗನ್ನು ಆಚೆಗೆ ಮಗುಚಿದರೆ ಕುಳಿತವರ ಮುಖ ಹೋಗುವ ದಿಕ್ಕಿಗೆ ತಿರುಗುತ್ತದೆ. ಕಟ್ಟೆಗೆ ತಾಗುತ್ತಿದ್ದಂತೆ ನೀಲಿ ಅಂಗಿಯ ಖಲಾಸಿ ದಪ್ಪ ಹಗ್ಗವನ್ನು ಎಸೆಯುತ್ತಾನೆ, ಕಟ್ಟೆಯ ಮೇಲಿದ್ದವನು ಕೊಕ್ಕೆ ಕೋಲಿನಿಂದ ಅದನ್ನು ಸೆಳೆದು ಗೂಟಕ್ಕೆ ಸುತ್ತುತ್ತಾನೆ. ಮುಂಬಯಿಯ ದೋಣಿಕಟ್ಟೆ ಭಾವುಚಾ ಧಕ್ಕಾದಲ್ಲಿ ರೇವಸ್‌ಗೆ ಹೋಗುವ ಲಾಂಚಿನ ಹುಡುಗರು ಹಗ್ಗ ಎಸೆಯುವುದನ್ನು ವರ್ಷಗಟ್ಟಲೆ ನೋಡಿದ ನನಗೆ ಆ ಕೈಗಳ ಚಳಕ ಪರಿಚಿತವೆನಿಸಿತು.

ಪರಿಚಿತವೆನಿಸಲು ಇನ್ನೂ ಒಂದು ಕಾರಣವಿತ್ತು. ಈ ದೋಣಿ ಸೇವೆಗೆ 1888ರಲ್ಲಿ ಕಂಪನಿ ಕಟ್ಟಿದವರು ಮುಂಬಯಿಯಿಂದ ಹೋಗಿ ಅಲ್ಲಿ ನೆಲೆಸಿದ ಪಾರಸಿ, ದೊರಾಬ್ಜಿ ನವರೋಜಿ ಮಿಠಾಯಿವಾಲಾ. ‘ಸ್ಟಾರ್’ ಎಂಬ ಹೆಸರು ಕಂಪನಿಗೆ ಬಂದದ್ದು ಹತ್ತು ವರ್ಷಗಳ ನಂತರ, ಅದು ಬೇರೆಯವರ ಕೈಗೆ ಹೋದಾಗ. ಗೈಡ್ ಈ ಸಂಗತಿಯನ್ನು ಹೇಳಲಿಲ್ಲ. ಆಕೆ ಗಗನಚುಂಬಿಗಳ ಎತ್ತರವನ್ನಷ್ಟೇ ಹೇಳುತ್ತಿದ್ದಳು. ನಾನು ಹೇಳಿದಾಗ ಭಾವ, ‘ಹಾಗಾದರೆ ನಮ್ಮ ಮನೆಯ ದೋಣಿಯಲ್ಲೇ ಟಿಕೆಟ್ ಕೊಟ್ಟು ಕೂತಿದ್ದೇವೆ ಅನ್ನಿ’ ಎಂದರು.

ಮಾತು ತಮಾಷೆಯದಾದರೂ ಸಂಬಂಧ ಅಷ್ಟು ನಿರ್ಮಲವಾದದ್ದಲ್ಲ. ಮಾಳವದ ಅಫೀಮು ಮುಂಬಯಿ ಬಂದರಿನಿಂದಲೇ ಚೀನಾಕ್ಕೆ ಹೋಗುತ್ತಿತ್ತು. ಆ ವ್ಯಾಪಾರದ ಜಗಳ ಯುದ್ಧವಾಗಿ, 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪ ಬ್ರಿಟಿಷರ ಪಾಲಾಯಿತು. ನಮ್ಮ ಊರಿನ ಕೆಲವು ಹಳೆಯ ಧರ್ಮಸಂಸ್ಥೆಗಳ ಹಿಂದೆಯೂ ಅದೇ ಹಣವಿದೆ.

ದೋಣಿಯಲ್ಲಿ ಪ್ರವಾಸಿಗಳಿಗಿಂತ ಕಚೇರಿ ಮುಗಿಸಿ ಮನೆಗೆ ಹೊರಟವರೇ ಹೆಚ್ಚು ಇದ್ದಂತೆ ಕಂಡಿತು. 1972ರಲ್ಲಿ ಸಮುದ್ರದಡಿಯ ರಸ್ತೆ ಸುರಂಗವೂ 1980ರಲ್ಲಿ ಮೆಟ್ರೋವೂ ಬಂದ ಮೇಲೂ ಹತ್ತು ನಿಮಿಷದ ಈ ದಾಟುವಿಕೆ ನಿಂತಿಲ್ಲ. 1966ರಲ್ಲಿ ಇದರ ಮೊದಲ ದರ್ಜೆಯ ದರವನ್ನು ಐದು ಸೆಂಟು ಏರಿಸಿದ್ದಕ್ಕೆ ಕೌಲೂನಿನಲ್ಲಿ ಗಲಭೆಯೇ ಎದ್ದಿತ್ತು. ಲೋಕಲ್ ರೈಲಿನ ಪಾಸಿನ ದರ ಏರಿದರೆ ನಮ್ಮಲ್ಲಿ ಎಷ್ಟು ಗಲಾಟೆಯಾಗುತ್ತದೆಂದು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಕೌಲೂನಿನ ಕಟ್ಟೆಯ ಪಕ್ಕದಲ್ಲಿ 44 ಮೀಟರ್ ಎತ್ತರದ ಗಡಿಯಾರ ಗೋಪುರ ಒಂಟಿಯಾಗಿ ನಿಂತಿದೆ; ಅದು ಸೇರಿದ್ದ ರೈಲು ನಿಲ್ದಾಣವನ್ನು ಕೆಡವಿ ಬಹಳ ಕಾಲವಾಯಿತು. ಅಲ್ಲಿಯೇ ನಿಂತು, ರಾತ್ರಿ ಎಂಟಕ್ಕೆ ಆಚೆ ದಡದ ಕಟ್ಟಡಗಳ ಮೇಲೆ ಲೇಸರ್ ಬೆಳಕು ಕುಣಿಯುವ ಪ್ರದರ್ಶನವನ್ನು ನೋಡಬೇಕಿತ್ತು. ಮಂಜು ಕವಿದು ಅರ್ಧವೂ ಕಾಣಲಿಲ್ಲ. ಬಸ್ಸು ಹೊರಡಲು ಇಪ್ಪತ್ತೈದು ನಿಮಿಷವಿದೆಯೆಂದು ಗೈಡ್ ಹೇಳಿದ್ದೇ ತಡ, ಭಾವ ನನ್ನ ತೋಳು ಹಿಡಿದು, ‘ಬನ್ನಿ, ಆ ಒರಗನ್ನು ನಾನೂ ಒಮ್ಮೆ ಮಗುಚಬೇಕು’ ಎಂದು ಮತ್ತೆ ದೋಣಿಯ ಕಡೆಗೆ ಎಳೆದರು.

ಹೋಗಿ ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ತಪ್ಪು ನಮ್ಮದೇ ಆದ್ದರಿಂದ ಯಾರನ್ನೂ ದೂರದೆ ಹೋಟೆಲಿಗೆ ನಡೆದೇ ಹೊರಟೆವು. ದಾರಿಯಲ್ಲಿ ಒಂದು ರಸ್ತೆಯ ಫಲಕವನ್ನು ಕಂಡು ಭಾವ ನಿಂತುಬಿಟ್ಟರು: ಮೋದಿ ರೋಡ್. ಅದು ಹಾಂಗ್‌ಕಾಂಗ್ ವಿಶ್ವವಿದ್ಯಾಲಯ ಕಟ್ಟಲು ದೊಡ್ಡ ಮೊತ್ತ ಕೊಟ್ಟ ಹೊರ್ಮುಸ್‌ಜಿ ಮೋದಿಯವರ ಹೆಸರು; ಮುಂಬಯಿಯಲ್ಲಿ ಹುಟ್ಟಿದವರು, ಪಾರಸಿ. ‘ಇವರೂ ನಮ್ಮವರೇ?’ ಎಂದು ಭಾವ ಕೇಳಿದರು. ಹೌದೆಂದೆ. ‘ಹಾಗಾದರೆ ಬಸ್ಸು ತಪ್ಪಿದ್ದೇ ಒಳ್ಳೆಯದಾಯಿತು’ ಎಂದು, ಚೀಲದಿಂದ ಚಕ್ಕುಲಿ ಡಬ್ಬಿ ತೆಗೆದು ಫಲಕದ ಕೆಳಗೇ ನಿಂತು ತಿನ್ನತೊಡಗಿದರು.