ಬೂನ್ ಮನೆತನದ ಗೋಜಲು

ಭಾನುವಾರ, 12 ಅಕ್ಟೋಬರ್ 2025, ಲೆಕ್ಸಿಂಗ್ಟನ್

ಅಮೆರಿಕದ ಈ ಕೆಂಟಕಿ ರಾಜ್ಯದಲ್ಲಿ 'ನಾವು ಡೇನಿಯಲ್ ಬೂನ್ ವಂಶದವರು' ಅನ್ನುವವರು ಜಾಸ್ತಿ. ಬಿಳಿಯ ವಲಸಿಗರಿಗೆ ಇಲ್ಲಿಗೆ ದಾರಿ ಮಾಡಿಕೊಟ್ಟ ಹೆಸರಾಂತ ಬೇಟೆಗಾರ ಅವನು. ಆಫೀಸಿನ ಗೆಳೆಯನೂ ಹಾಗೇ ಅಂದ. ನೋಡೇಬಿಡೋಣ ಅಂತ ಇವತ್ತು ಆ ಮನೆತನದ ದಾಖಲೆ ಹಿಡಿದು ಕೂತೆ.

ಮೊದಲ ತಲೆಮಾರು ಸಲೀಸು. ಡೇನಿಯಲ್ 1734ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವನು. ಅಪ್ಪ ಸ್ಕ್ವೈರ್ ಬೂನ್, ಇಂಗ್ಲೆಂಡಿನ ಡೆವನ್ ಕಡೆಯಿಂದ ಬಂದ ಕ್ವೇಕರ್, ಅಂದರೆ ಆ ಹೆಸರಿನ ಕ್ರೈಸ್ತ ಪಂಗಡದವನು. ಕ್ವೇಕರ್‌ಗಳು ತಿಂಗಳಿಗೊಮ್ಮೆ ಸಭೆ ಸೇರಿ ನಡೆದದ್ದೆಲ್ಲ ಬರೆದಿಡುತ್ತಿದ್ದರು. 1742ರಲ್ಲಿ ಹಿರಿಮಗಳು ಸಾರಾ ಪಂಗಡದ ಹೊರಗಿನವನನ್ನು ಮದುವೆಯಾದಳು. ಅಪ್ಪ ಸಭೆಯ ಮುಂದೆ ತಪ್ಪಾಯಿತು ಅಂದ. ಆಮೇಲೆ ಮಗ ಇಸ್ರೇಲ್‌ನೂ ಅದನ್ನೇ ಮಾಡಿದ. ಈ ಸಲ ಅಪ್ಪ ಬಗ್ಗಲಿಲ್ಲ. 1748ರಲ್ಲಿ ಅಪ್ಪನನ್ನೇ ಪಂಗಡದಿಂದ ಹೊರಗೆ ಹಾಕಿದರು. ಜಗಳವಾಗಿದ್ದಕ್ಕೇ ನಮಗೆ ಇಷ್ಟೆಲ್ಲ ಸಿಕ್ಕಿದ್ದು.

1750ರ ಸುಮಾರಿಗೆ ಸಂಸಾರ ನಾರ್ತ್ ಕರೊಲಿನಾದ ಯಾಡ್ಕಿನ್ ಕಣಿವೆಗೆ ಬಂತು. ಗೋಜಲು ಶುರುವಾಗುವುದೇ ಅಲ್ಲಿ. ಪಕ್ಕದಲ್ಲಿ ಬ್ರಯಾನ್ ಮನೆತನ. ಡೇನಿಯಲ್ 1756ರಲ್ಲಿ ರೆಬೆಕಾ ಬ್ರಯಾನ್‌ಳ ಕೈಹಿಡಿದ. ಅವನ ತಮ್ಮ ಎಡ್ವರ್ಡ್ ಆಕೆಯ ತಂಗಿ ಮಾರ್ತಾಳನ್ನು ಕಟ್ಟಿಕೊಂಡ. ಡೇನಿಯಲ್‌ನ ತಂಗಿ ಮೇರಿಯನ್ನು ಕೊಟ್ಟಿದ್ದು ರೆಬೆಕಾಳ ಚಿಕ್ಕಪ್ಪ ವಿಲಿಯಂಗೆ. ಅಂದರೆ ನಾದಿನಿಯೇ ಚಿಕ್ಕಮ್ಮ! ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ. ಆದರೆ ಹೆಸರುಗಳೂ ಡೇನಿಯಲ್, ಇಸ್ರೇಲ್, ಸ್ಕ್ವೈರ್ ಅಂತ ಸುತ್ತಿ ಸುತ್ತಿ ಅವೇ. ಬೂನ್ ಅನ್ನುವ ಹೆಸರೊಂದನ್ನೇ ನಂಬಿದರೆ ಚಿಕ್ಕಪ್ಪನ ಮಗನನ್ನು ಅಪ್ಪನ ಜಾಗದಲ್ಲಿ ಕೂರಿಸುತ್ತೇವೆ. ಹೆಂಡತಿ ಯಾರ ಮನೆ ಮಗಳು, ಯಾರ ಜೊತೆ ಗಾಡಿ ಕಟ್ಟಿದರು, ಅದನ್ನು ಹಿಡಿದು ಹೋಗಬೇಕು. 1779ರಲ್ಲಿ ಎರಡೂ ಮನೆಯವರು ಕೆಂಟಕಿಗೆ ಬಂದರು. ಬ್ರಯಾನ್‌ಗಳ ಕೋಟೆ ಇದ್ದಿದ್ದು ಇಲ್ಲೇ, ಲೆಕ್ಸಿಂಗ್ಟನ್ ಹತ್ತಿರ.

ಡೇನಿಯಲ್‌ನ ಹಿರಿಮಗ ಜೇಮ್ಸ್ 1773ರಲ್ಲಿ ಪೊವೆಲ್ ಕಣಿವೆಯಲ್ಲಿ ಮೂಲನಿವಾಸಿಗಳ ದಾಳಿಗೆ ಸಿಕ್ಕಿ ಸತ್ತ. ಹುಡುಗ ಹೇಗೆ ಸತ್ತ ಅಂತ ಗೊತ್ತಾಗಿದ್ದು ಆಡಂ ಎಂಬ ಗುಲಾಮನಿಂದ. ಅವನು ಬಚ್ಚಿಟ್ಟುಕೊಂಡು ಎಲ್ಲ ನೋಡಿದ್ದ. ಬೂನ್ ಮನೆತನದ ಒಂದೊಂದು ಕೊಂಬೆಯನ್ನೂ ಬಿಡದೆ ಹುಡುಕುವ ನಾವು ಈ ಆಡಂನ ಅಪ್ಪ ಅಮ್ಮ ಯಾರು ಅಂತ ಕೇಳುವುದೇ ಇಲ್ಲ. ನನಗೆ ಇದು ಸರಿ ಕಾಣಲಿಲ್ಲ.

1851ರಲ್ಲಿ ಲೈಮನ್ ಡ್ರೇಪರ್ ಎಂಬ ಇತಿಹಾಸಕಾರ ಮಿಸೌರಿಗೆ ಹೋಗಿ ಡೇನಿಯಲ್‌ನ ಕಿರಿಮಗ ನೇಥನ್ ಮತ್ತು ಸೊಸೆ ಆಲಿವ್ ಹೇಳಿದ್ದನ್ನೆಲ್ಲ ಬರೆದುಕೊಂಡ. ಮನೆಯವರ ಬಾಯಿಂದಲೇ ಬಂದ ಮಾತು, ಹಾಗಾಗಿ ಬೆಲೆ ಜಾಸ್ತಿ. ಆದರೆ ಅಪ್ಪ ತೀರಿಹೋಗಿ 31 ವರ್ಷವಾಗಿತ್ತು. ಇಸವಿಗಳನ್ನು ಬೇರೆ ಕಡೆ ತಾಳೆ ನೋಡಲೇಬೇಕು.

ತಾಳೆ ನೋಡಲು ಜನಗಣತಿ ಇದೆಯಲ್ಲ ಅಂದರೆ, ಕೆಂಟಕಿಯ 1790 ಮತ್ತು 1800ರ ಪಟ್ಟಿಗಳು ಉಳಿದಿಲ್ಲ. 1840ರವರೆಗಿನವುಗಳಲ್ಲಿ ಮನೆ ಯಜಮಾನನ ಹೆಸರು ಮಾತ್ರ; ಹೆಂಡತಿ ಮಕ್ಕಳೆಲ್ಲ ಬರೀ ಲೆಕ್ಕ. ಉಳಿದಿರುವುದು ತೆರಿಗೆ ಪಟ್ಟಿ. ಗೆಳೆಯನ ಮುತ್ತಾತನ ಮುತ್ತಾತ ಯಾವ ಕೌಂಟಿಯಲ್ಲಿ ತೆರಿಗೆ ಕಟ್ಟುತ್ತಿದ್ದ, ಅವನ ಹೆಂಡತಿಯ ತವರು ಯಾವುದು ಅಂತ ನಾಳೆ ಕೇಳಬೇಕು. ಅವನಿಗೆ ಗೊತ್ತಿರುವುದು ಅನುಮಾನ.