ಅಡ್ಡ ಬಿದ್ದ ಗುಲ್‌ಮೊಹರ್

ರಾತ್ರಿಯಿಡೀ ಗಾಳಿ ಮಳೆ. ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ವಾಕಿಂಗ್ ಹೋದರೆ, ನಾನು ದಿನಾ ನಡೆಯುವ ದಾರಿಗೆ ಅಡ್ಡಲಾಗಿ ಒಂದು ಗುಲ್‌ಮೊಹರ್ ಬಿದ್ದಿತ್ತು. ಮೇ ತಿಂಗಳು, ಮೈತುಂಬ ಹೂವು. ಕಿತ್ತು ಮೇಲೆದ್ದ ಬೇರು ನೋಡಿ ಆಶ್ಚರ್ಯವಾಯಿತು. ಅಷ್ಟು ದೊಡ್ಡ ಮರಕ್ಕೆ ಇಷ್ಟೇನಾ? ತಟ್ಟೆಯ ಹಾಗೆ ಚಪ್ಪಟೆ.

"ಇದು ಹಿಂಗೇ ಸಾರ್. ಬೇರು ಅಗಲಕ್ಕೆ ಹೋಗುತ್ತೆ, ಕೆಳಕ್ಕೆ ಹೋಗಲ್ಲ" ಅಂದರು ಗರಗಸ ಹಿಡಿದು ಬಂದಿದ್ದ ಕೆಲಸದವರು.

ಗುಲ್‌ಮೊಹರ್‌ನ ತವರು ಮಡಗಾಸ್ಕರ್. ಪಕ್ಕದ ಮಳೆಮರ ಅಮೆರಿಕ ಖಂಡದ್ದು, ಆಚೆಯ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಊರ ನಡುವಿನ ಕಾಡು ಅಂತ ನಾವು ಬೀಗುವ ಈ ಜಾಗದಲ್ಲಿ ಇಂಥ ವಲಸಿಗರೇ ಜಾಸ್ತಿ. 1870ರಲ್ಲಿ ಬ್ರಿಟಿಷ್ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಪಾರ್ಕ್ ರೂಪಿಸಿದಾಗ ಇದ್ದದ್ದು ಸುಮಾರು 100 ಎಕರೆ. ಒಂದು ಕಡೆ ಪೇಟೆ, ಇನ್ನೊಂದು ಕಡೆ ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್. ಮೊದಲು ಮೀಡ್ಸ್ ಪಾರ್ಕ್ ಅಂದರು, ಆಮೇಲೆ ಕಬ್ಬನ್ ಅಂದರು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಅಂತ ಹೆಸರಿಟ್ಟರು. ಆ ಹೆಸರು ಹೇಳಿ ಒಮ್ಮೆ ಸುಮ್ನೆ ಆಟೋ ಹತ್ತಿ ನೋಡಿ. ಮೈಸೂರು ಝೂಗಾ ಅಂತ ಕೇಳಿದರೂ ಕೇಳಿಯಾರು. ಅದರ ಹೆಸರೂ ಚಾಮರಾಜೇಂದ್ರ ಅಲ್ವಾ!

ಕಾಂಡ ಕೊಯ್ದ ಮೇಲೆ ಉಂಗುರ ಎಣಿಸಿ ಮರದ ವಯಸ್ಸು ಕಂಡುಹಿಡಿಯೋಣ ಅಂತ ಮಂಡಿಯೂರಿ ಕೂತೆ. ಮೂವತ್ತರ ಹತ್ತಿರ ಬಂದು ಲೆಕ್ಕ ತಪ್ಪಿತು. ಮತ್ತೆ ಶುರು ಮಾಡಿದೆ, ಮತ್ತೆ ತಪ್ಪಿತು. ಸಸ್ಯಶಾಸ್ತ್ರ ಕಲಿಸುವ ಗೆಳತಿಗೆ ಫೋಟೋ ಕಳಿಸಿದರೆ ಫೋನ್ ಮಾಡಿ ನಕ್ಕಳು. ಚಳಿಗೆ ಬೆಳವಣಿಗೆಯೇ ನಿಲ್ಲುವ ದೇಶಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದಂತೆ. ನಮ್ಮ ಹವೆಯಲ್ಲಿ ತೇಗದಂಥ ಕೆಲವು ಬಿಟ್ಟರೆ ಎಷ್ಟೋ ಮರಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. "ಪ್ಯಾಂಟ್ ಕೆಸರಾಗಿದ್ದೇ ಬಂತು" ಅಂದಳು. ನಿಜ, ಆಗಿತ್ತು.

ಅಷ್ಟರಲ್ಲಿ ಕೆಲಸದವರು ಒಂದು ಕೊಂಬೆಯ ಹತ್ತಿರ ಗರಗಸ ನಿಲ್ಲಿಸಿದರು. ಅಳತೆ ಇಟ್ಟು ಕೊರೆದಂತೆ ದುಂಡನೆಯ ತೂತು. ಕುಟ್ರುಹಕ್ಕಿಯ ಗೂಡು. ಅವರು ಎರಡು ಬೆರಳು ಹಾಕಿ ತಡಕಿದರು. ನಾನು ಉಸಿರು ಬಿಗಿಹಿಡಿದೆ.

"ಖಾಲಿ ಸಾರ್. ಮರಿ ಹಾರಿಹೋಗಿರ್ಬೇಕು."

ಉಳಿದ ದಿಮ್ಮಿಗಳೆಲ್ಲ ಟ್ರ್ಯಾಕ್ಟರ್ ಸೇರಿದವು. ಆ ತುಂಡನ್ನು ಮಾತ್ರ ಅವರು ಮಳೆಮರದ ಬುಡಕ್ಕೆ ಒರಗಿಸಿಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ. ಮೇಲೆಲ್ಲೋ ಕುಟ್ರು, ಕುಟ್ರು ಅಂತ ಕೂಗು ಶುರುವಾಗಿತ್ತು.