ರಾಣಿಬಾಗಿನಲ್ಲಿ ಸಿಕ್ಕ ನಮ್ಮೂರ ಮರ

ಅವ್ವ ಸವಣೂರಿನಿಂದ ಡೊಂಬಿವಿಲಿಯ ನಮ್ಮ ಮನೆಗೆ ಬಂದು ಹದಿನೈದು ದಿನ ಆಗಿತ್ತು. ಕಿಟಕಿಯಿಂದ ಕಾಣೋದು ಎದುರು ಬಿಲ್ಡಿಂಗಿನ ಗೋಡೆ ಮಾತ್ರ. "ಒಂದು ಗಿಡಾನೂ ಇಲ್ಲಲ್ಲೋ ತಮ್ಮಾ ನಿಮ್ಮ ಮುಂಬೈದಾಗ" ಅಂತ ದಿನಾ ಅನ್ನುತ್ತಿದ್ದಳು. ಜೂನ್ ಕೊನೆಯ ಭಾನುವಾರ ಲೋಕಲ್ ಹತ್ತಿಸಿ ಬೈಕಲಾಕ್ಕೆ ಕರೆದುಕೊಂಡು ಹೋದೆ.

ಅಲ್ಲಿರೋದು ರಾಣಿಬಾಗ್. 1862ರಲ್ಲಿ ಶುರುವಾದ ತೋಟ. ಈಗಿನ ಹೆಸರು ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ, ಆದರೆ ಜನರ ಬಾಯಲ್ಲಿ ಇನ್ನೂ ರಾಣಿಬಾಗೇ. ಸುಮಾರು 50 ಎಕರೆ, 3,000ಕ್ಕೂ ಹೆಚ್ಚು ಮರ. ಒಳಗೇ ಪ್ರಾಣಿಸಂಗ್ರಹಾಲಯವೂ ಇದೆ, ಹೋದವರೆಲ್ಲ ನೇರ ಅಲ್ಲಿನ ಪೆಂಗ್ವಿನ್ ನೋಡೋ ಸಾಲಿಗೆ ಓಡುತ್ತಾರೆ. ಮಕ್ಕಳ ಆಸೆ, ತಪ್ಪೇನಿಲ್ಲ. ಆದರೆ ತಲೆಯ ಮೇಲಿರೋ ಮರಗಳನ್ನು ಯಾರೂ ನೋಡಲ್ಲ ಅಂತ ನನಗೆ ಪ್ರತಿ ಸಲ ಬೇಸರವಾಗುತ್ತದೆ.

ಅವ್ವ ನೋಡಿದಳು. ಮೊದಲು ಸಿಕ್ಕಿದ್ದು ನಾಗಲಿಂಗ. ಕಾಂಡಕ್ಕೇ ಹೂ, ಒಳಗೆ ಲಿಂಗ, ಮೇಲೆ ಹೆಡೆ. ದಕ್ಷಿಣ ಅಮೆರಿಕದಿಂದ ಬಂದ ಈ ಮರಕ್ಕೆ ಮರಾಠಿಯಲ್ಲಿ ಕೈಲಾಸಪತಿ ಅಂತ ಹೆಸರು. ಕನ್ನಡದವರಿಗೂ ಮರಾಠಿಯವರಿಗೂ ಶಿವನೇ ಕಂಡಿದ್ದಾನೆ.

ಸ್ವಲ್ಪ ಮುಂದೆ ಹೋಗಿ ಅವ್ವ ನಿಂತೇಬಿಟ್ಟಳು. "ಇದು ನಮ್ಮ ದೊಡ್ಡ ಹುಣಸಿ ಅಲ್ಲೇನೋ!"

ಹೌದು, ಅದೇ. ಆನೆಯ ಕಾಲಿನಂಥ ಬೂದು ಬುಡ. ಸವಣೂರಿನ ದೊಡ್ಡಹುಣಸೆ ಕಲ್ಮಠದ ಮರಗಳನ್ನು ನೋಡಿದವರಿಗೆ ಗುರುತು ಸಿಗದೇ ಇರುತ್ತಾ? ಸಣ್ಣವರಿದ್ದಾಗ ನಾವು ಏಳೆಂಟು ಹುಡುಗರು ಕೈ ಕೈ ಹಿಡಿದರೂ ಅಲ್ಲಿನ ಬುಡ ಸುತ್ತೋಕೆ ಆಗುತ್ತಿರಲಿಲ್ಲ. ಅದು ಆಫ್ರಿಕಾದ ಬಾವೊಬಾಬ್ ಅಂತ ಗೊತ್ತಾಗಿದ್ದು ನಾನು ಊರು ಬಿಟ್ಟ ಮೇಲೆ. ಮಳೆ ಬಂದಾಗ ಕಾಂಡದಲ್ಲಿ ನೀರು ತುಂಬಿಕೊಳ್ಳುತ್ತದೆ, ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ.

ಗುಡಿಸುತ್ತಿದ್ದ ಮಾಲಿಯನ್ನು ಕೇಳಿದೆ. "ಗೋರಖ ಚಿಂಚ" ಅಂದರು. ಚಿಂಚ ಅಂದರೆ ಹುಣಸೆ! ಎಲೆ ನೋಡಿದರೆ ಹುಣಸೆಗೂ ಇದಕ್ಕೂ ಸಂಬಂಧವೇ ಇಲ್ಲ. ಇದರದ್ದು ಅಂಗೈಯಿಂದ ಬೆರಳು ಬಿಡಿಸಿದ ಹಾಗಿರುತ್ತದೆ. ಆದರೆ ಕಾಯಿ ಒಡೆದರೆ ಸಿಗೋ ಬಿಳಿ ಹಿಟ್ಟು ಹುಳಿ. ಆ ಹುಳಿಯ ರುಚಿ ನೋಡಿಯೇ ಎರಡೂ ಭಾಷೆಯವರು ದೂರದ ಮರವನ್ನು ತಮ್ಮ ಅಡುಗೆಮನೆಯ ಹೆಸರಿಂದ ಕರೆದಿರಬೇಕು.

ಕೆಳಗೆ ಒಂದು ಹೂ ಬಿದ್ದಿತ್ತು. ಅವ್ವ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. ಅಂಗೈ ತುಂಬಾ ಹೂ. ಐದು ಬಿಳಿ ಎಸಳು, ಅಂಚು ಆಗಲೇ ಕಂದು. ನಡುವೆ ಶ್ಯಾವಿಗೆಗಿಂತ ಸಣ್ಣ ಎಳೆಗಳು ಚೆಂಡಿನ ಹಾಗೆ. ಮೂಸಿ ನೋಡಿ ಮುಖ ಕಿವುಚಿದಳು, ಆದರೂ ಎಸೆಯಲಿಲ್ಲ. ಈ ಹೂ ಸಂಜೆಗೆ ಅರಳಿ ಮರುದಿನ ಬಾಡುತ್ತದೆ. ಆ ವಾಸನೆ ನಮಗಲ್ಲ, ರಾತ್ರಿ ಬರೋ ಬಾವಲಿಗೆ. ತೋಟದ ಎತ್ತರದ ಮರಗಳಲ್ಲಿ ಬಾವಲಿಗಳು ಹಗಲೆಲ್ಲ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಅವನ್ನೂ ತೋರಿಸಿದೆ. ಹೂ ಅರಳೋದನ್ನು ನೋಡೋ ಆಸೆ ಇತ್ತು, ಆದರೆ ಸಂಜೆಗೆ ಗೇಟು ಮುಚ್ಚುತ್ತಾರೆ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಜಾಗ ಸಿಕ್ಕಿತು. ಅವ್ವ ಸೆರಗಿನ ತುದಿಯಲ್ಲಿ ಕಟ್ಟಿದ್ದ ಹೂ ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. ಆಮೇಲೆ ಸೋದರಮಾವನಿಗೆ ಫೋನ್ ಹಚ್ಚಿಸಿಕೊಂಡು, ಇಡೀ ಡಬ್ಬಿಗೆ ಕೇಳೋ ಹಾಗೆ ಹೇಳಿದಳು: "ಯಣ್ಣಾ, ನಮ್ಮ ಮಠದ ಮರ ಇಲ್ಲೂ ಐತಿ!"